ಬೆಂಗಳೂರಿನಲ್ಲಿ ಸಂಸಾರಕ್ಕೊಂದು ಬಾಡಿಗೆ ಮನೆ: ಬೋರ್ಡಿನಲ್ಲಿ ಬರೆಯದ ಲೆಕ್ಕ

ಬೆಂಗಳೂರಿನ ಗೇಟುಗಳಲ್ಲಿ ನೇತಾಡುವ ‘ಟು ಲೆಟ್’ ಬೋರ್ಡಿನಲ್ಲಿ ಇರುವುದು ಒಂದು ಫೋನ್ ನಂಬರು, ‘2 ಬಿಎಚ್‌ಕೆ’ ಅಂತ ಒಂದು ಸಾಲು, ಕೆಲವು ಕಡೆ ‘ಫ್ಯಾಮಿಲಿ ಓನ್ಲಿ’ ಎಂಬ ಷರತ್ತು. ಫೋನ್ ಮಾಡಿದರೆ ಇನ್ನೆರಡು ಅಂಕಿ ಸಿಗುತ್ತವೆ: ತಿಂಗಳ ಬಾಡಿಗೆ ಮತ್ತು ಅಡ್ವಾನ್ಸ್. ಮನೆ ಹುಡುಕುವವರು ಬಹುಪಾಲು ಈ ಎರಡು ಅಂಕಿಗಳ ಮೇಲೆಯೇ ತೀರ್ಮಾನ ಮಾಡಿಬಿಡುತ್ತಾರೆ. ಸಾಮಾನು ಇಳಿಸಿ, ಹಾಲು ಉಕ್ಕಿಸಿ, ಮಗುವನ್ನು ಶಾಲೆಗೆ ಸೇರಿಸಿದ ಮೇಲೆ ಉಳಿದ ಅಂಕಿಗಳು ಒಂದೊಂದಾಗಿ ತಲೆ ಎತ್ತುತ್ತವೆ. ಟ್ಯಾಂಕರ್ ನೀರಿನ ಪಾಲು, ಮೇಂಟೆನೆನ್ಸ್, ಸ್ಕೂಲ್ ವ್ಯಾನು, ಎರಡು ಗಾಡಿಗಳ ಪೆಟ್ರೋಲು. ಆಗ ಮನೆ ಬಿಡೋಣವೆಂದರೆ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಅಡ್ವಾನ್ಸ್‌ನಿಂದ ಹೋಗುತ್ತದೆ, ಹೊಸ ಮನೆಗೆ ಮತ್ತೆ ಬ್ರೋಕರ್ ಕಮಿಷನ್.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಲೆಕ್ಕ ಬರೆಯಿರಿ. ಉದಾಹರಣೆಗೆ, ಊರಾಚೆಯ ಬಡಾವಣೆಯೊಂದರಲ್ಲಿ 15,000 ರೂಪಾಯಿ ಬಾಡಿಗೆಯ ಮನೆ ಎಂದುಕೊಳ್ಳಿ. ನೀರು, ಮೇಂಟೆನೆನ್ಸ್ ಸೇರಿ 2,500. ಮಗುವಿನ ವ್ಯಾನು 2,500. ಗಂಡ ಹೆಂಡತಿ ಇಬ್ಬರೂ ಗಾಡಿ ಓಡಿಸಬೇಕು, ಪೆಟ್ರೋಲು 6,000. ಒಟ್ಟು 26,000. ಇನ್ನೊಂದು ಮನೆಗೆ 20,000 ಬಾಡಿಗೆ. ಕಾವೇರಿ ನೀರಿನ ಬಿಲ್ಲು 500, ಶಾಲೆ ನಡೆಯುವ ದೂರ, ಒಬ್ಬರಿಗೆ ಮೆಟ್ರೊ 2,500. ಇನ್ನೊಬ್ಬರು ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಹೋಗುವ ಹೆಣ್ಣುಮಗಳಾದರೆ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿನ ಖರ್ಚೇ ಇಲ್ಲ. ಒಟ್ಟು 23,000. ಬಾಡಿಗೆ ಐದು ಸಾವಿರ ಹೆಚ್ಚಿದ್ದ ಮನೆಯೇ ಮೂರು ಸಾವಿರ ಅಗ್ಗವಾಯಿತು. ದಿನಕ್ಕೆ ರಸ್ತೆಯಲ್ಲಿ ಉಳಿಯುವ ಒಂದೋ ಎರಡೋ ಗಂಟೆಗೆ ನಾನು ಬೆಲೆ ಕಟ್ಟಿಲ್ಲ. ಅಂಕಿಗಳು ನಿಮ್ಮ ಮನೆಗೆ ತಕ್ಕಂತೆ ಬದಲಾಗುತ್ತವೆ. ಆದರೆ ಈ ಹಾಳೆ ಬರೆಯದೆ ಅಡ್ವಾನ್ಸ್ ಕೊಡಬೇಡಿ.

ಎಲ್ಲಿ ಹುಡುಕಬೇಕು ಎಂಬ ಪ್ರಶ್ನೆಗೂ ಇದೇ ಹಾಳೆ ಉತ್ತರ ಕೊಡುತ್ತದೆ. ಇಂದಿರಾನಗರ, ಕೋರಮಂಗಲ, ಜಯನಗರ ಎಂದು ಆಸೆಪಟ್ಟು ಬಜೆಟ್ ಹಿಗ್ಗಿಸುವುದಕ್ಕಿಂತ ಮೆಟ್ರೊ ನಕ್ಷೆ ಹಿಡಿದು ಕೂರುವುದು ಒಳ್ಳೆಯದು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣವಾಯಿತು. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ನಿಲ್ದಾಣಕ್ಕೆ ಅಂಟಿಕೊಂಡ ರಸ್ತೆಗಳಲ್ಲಿ ಮಾಲೀಕರು ‘ಮೆಟ್ರೊ ಪಕ್ಕದಲ್ಲೇ ಇದೆ’ ಎಂಬ ಮಾತಿಗೇ ಬಾಡಿಗೆ ಏರಿಸಿಕೊಂಡಿರುತ್ತಾರೆ. ಅಲ್ಲಿಂದ ಹದಿನೈದು ಇಪ್ಪತ್ತು ನಿಮಿಷದ ನಡಿಗೆ ಅಥವಾ ಒಂದು ಬಸ್ಸಿನ ದೂರ ಹೋದರೆ ಬಾಡಿಗೆ ಇಳಿಯುತ್ತದೆ. ಕೆಂಗೇರಿ, ನಾಯಂಡಹಳ್ಳಿ, ದಾಸರಹಳ್ಳಿ, ತಲಘಟ್ಟಪುರ, ಬೊಮ್ಮಸಂದ್ರದ ಸುತ್ತಲಿನ ಬಡಾವಣೆಗಳನ್ನು ಹೀಗೆಯೇ ನೋಡಬೇಕು. ಒಂದು ಎಚ್ಚರಿಕೆ: 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ಒಂದು ತುದಿಯಲ್ಲಿ ಮನೆ, ಇನ್ನೊಂದು ತುದಿಯಲ್ಲಿ ಕೆಲಸ ಎಂದಾದರೆ ಮೆಟ್ರೊ ಕೂಡ ಅಗ್ಗವಲ್ಲ.

ಕಾಲವನ್ನೂ ನೋಡಿಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆ ಬದಲಿಸುವ ಸಂಸಾರಗಳೆಲ್ಲ ಒಟ್ಟಿಗೆ ಬೀದಿಗೆ ಇಳಿದಿರುತ್ತವೆ, ಚೌಕಾಸಿಗೆ ಜಾಗವೇ ಇರುವುದಿಲ್ಲ. ಆಷಾಢ ಬಂದರೆ ಚಿತ್ರ ಬೇರೆ. ಆಷಾಢದಲ್ಲಿ ಮನೆ ಬದಲಿಸಬಾರದು ಎಂದು ನಂಬುವವರು ಇನ್ನೂ ಬಹಳ ಮಂದಿ ಇದ್ದಾರೆ, ಹಾಗಾಗಿ ಖಾಲಿ ಮನೆ ಖಾಲಿಯೇ ಉಳಿಯುತ್ತದೆ. ಧನುರ್ಮಾಸದಲ್ಲೂ ಹೀಗೆಯೇ. ನಿಮಗೆ ಆ ನಂಬಿಕೆ ಇಲ್ಲದಿದ್ದರೆ ಅದೇ ನಿಮ್ಮ ಲಾಭ. ಇದ್ದರೂ ಚಿಂತೆಯಿಲ್ಲ, ಆಷಾಢದಲ್ಲಿ ಮಾತು ಮುಗಿಸಿ ಶ್ರಾವಣದಲ್ಲಿ ಹಾಲು ಉಕ್ಕಿಸುತ್ತೇವೆ ಎನ್ನಿ. ಒಂದು ತಿಂಗಳು ಬಾಗಿಲು ಮುಚ್ಚಿದ ಮನೆಯ ಮಾಲೀಕರು ಸಾವಿರ, ಎರಡು ಸಾವಿರ ಬಿಡಲು ಸಿದ್ಧರಿರುತ್ತಾರೆ.

ಹುಡುಕಾಟಕ್ಕೆ ಆ್ಯಪ್‌ಗಳಿವೆ. ಬಾಡಿಗೆಯ ಅಂದಾಜು ಸಿಗಲು, ಫೋಟೊ ನೋಡಲು ಅವು ಬೇಕು. ಆದರೆ ಕಡಿಮೆ ಬಾಡಿಗೆಯ ಎಷ್ಟೋ ಮನೆಗಳು ಆ್ಯಪ್‌ಗೆ ಬರುವುದೇ ಇಲ್ಲ. ಮಹಡಿ ಕಟ್ಟಿಸಿಕೊಂಡು ಕೆಳಗೆ ತಾವೇ ವಾಸವಿರುವ ಹಿರಿಯ ದಂಪತಿ ಗೇಟಿಗೆ ಬೋರ್ಡು ಹಾಕಿ ಸುಮ್ಮನಾಗುತ್ತಾರೆ, ಅಥವಾ ಪಕ್ಕದ ಅಂಗಡಿಯವರಿಗೆ ‘ಒಳ್ಳೆಯವರಿದ್ದರೆ ಹೇಳಪ್ಪ’ ಎಂದಿರುತ್ತಾರೆ. ರಸ್ತೆ ತಿರುವಿನಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡವರು, ಹಾಲಿನ ಬೂತಿನವರು, ಕಿರಾಣಿ ಅಂಗಡಿಯವರು, ಅಪಾರ್ಟ್‌ಮೆಂಟಿನ ವಾಚ್‌ಮನ್ ಇವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಯಾವ ಮನೆಯವರು ಮುಂದಿನ ತಿಂಗಳು ಬಿಡುತ್ತಿದ್ದಾರೆ, ಯಾಕೆ ಬಿಡುತ್ತಿದ್ದಾರೆ ಎರಡನ್ನೂ ಹೇಳುತ್ತಾರೆ. ಎರಡನೆಯದೇ ಮುಖ್ಯ.

ಆನ್‌ಲೈನ್‌ನಲ್ಲಿ ಹುಡುಕುವಾಗ ಒಂದು ಹಳೆಯ ವಂಚನೆಗೆ ಈಗಲೂ ಜನ ಬೀಳುತ್ತಿದ್ದಾರೆ. ಒಳ್ಳೆಯ ಬಡಾವಣೆಯಲ್ಲಿ ನಂಬಲಾಗದಷ್ಟು ಕಡಿಮೆ ಬಾಡಿಗೆ, ಚೆಂದದ ಫೋಟೊ. ‘ಮಾಲೀಕರು’ ತಾವು ಸೇನೆಯಲ್ಲಿರುವುದಾಗಿಯೂ ದೂರದ ಊರಿಗೆ ವರ್ಗವಾಗಿದೆಯೆಂದೂ ಹೇಳುತ್ತಾರೆ. ಮನೆ ನೋಡಲು ಗೇಟ್ ಪಾಸ್ ಮಾಡಿಸಬೇಕು, ಟೋಕನ್ ಹಾಕಿ ಎನ್ನುತ್ತಾರೆ, ಕ್ಯುಆರ್ ಕೋಡ್ ಕಳಿಸುತ್ತಾರೆ. ಮನೆಯೊಳಗೆ ಕಾಲಿಡದೆ ಒಂದು ರೂಪಾಯಿ ಕೂಡ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಖಾತೆ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮನೆ ನೋಡಲು ಹೋದಾಗ ಮಾಲೀಕರೂ ನಿಮ್ಮನ್ನು ನೋಡುತ್ತಾರೆ. ‘ಯಾವ ಊರಿನವರು’ ಎಂಬಲ್ಲಿಂದ ಶುರುವಾಗಿ ‘ನೀವು ಯಾವ ಪೈಕಿ’ ಎಂಬಲ್ಲಿಗೆ ಮಾತು ಬರುವುದು ಈ ಮಹಾನಗರದಲ್ಲಿ ಇನ್ನೂ ನಿಂತಿಲ್ಲ. ‘ವೆಜ್ ಓನ್ಲಿ’ ಎಂಬುದು ಬಹಳ ಸಲ ಊಟದ ವಿಚಾರವಲ್ಲ, ಜಾತಿ ಧರ್ಮ ಕೇಳುವ ನಯವಾದ ದಾರಿ. ಇದು ನಾಚಿಕೆಗೇಡು, ಹಾಗೆಂದೇ ಹೇಳಬೇಕು. ಸುಳ್ಳು ಹೇಳಿ ಮನೆ ಹಿಡಿದರೆ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ವರ್ಷಗಟ್ಟಲೆ ಬದುಕಬೇಕಾಗುತ್ತದೆ. ಅಷ್ಟು ಕಷ್ಟಪಡುವುದಕ್ಕಿಂತ ಮಾಲೀಕರು ಬೇರೆ ಕಡೆ ಇರುವ ಅಪಾರ್ಟ್‌ಮೆಂಟ್ ಫ್ಲಾಟ್‌ಗಳನ್ನು ನೋಡುವುದು ಮೇಲು.

ನೀರು, ಮೀಟರು, ಮಳೆ

ಬೆಂಗಳೂರಿನಲ್ಲಿ ಮನೆ ನೋಡಲು ಹೋದವರು ಮೊದಲು ಹಾಲ್, ರೂಮು, ವಾಸ್ತು ನೋಡುತ್ತಾರೆ. ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಸಂಪು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲೂ ನೀರಿಗೆ ಗಂಟೆ ನಿಗದಿಯಾಗಿತ್ತು. ಟ್ಯಾಂಕರ್ ದರ ಮೇರೆ ಮೀರಿ ಕೊನೆಗೆ ಜಿಲ್ಲಾಡಳಿತವೇ ದರ ನಿಗದಿಪಡಿಸಬೇಕಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ನೀರು ಕೊಡಲೆಂದೇ ಮಾಡಿದ ಯೋಜನೆ ಅದು. ಆದರೆ ಬಡಾವಣೆಗೆ ಕಾವೇರಿ ಬಂದಿದೆ ಎಂದರೆ ಆ ಕಟ್ಟಡಕ್ಕೆ ಸಂಪರ್ಕ ಇದೆ ಎಂದಲ್ಲ. ಮಾಲೀಕರು ಹಣ ಕಟ್ಟಿ ಸಂಪರ್ಕ ಪಡೆದಿರಬೇಕು. ‘ಕಾವೇರಿ ಇದೆಯಾ’ ಎಂದು ಕೇಳಿದರೆ ಎಲ್ಲರೂ ಇದೆ ಎನ್ನುತ್ತಾರೆ. ‘ಜಲಮಂಡಳಿ ಬಿಲ್ಲು ತೋರಿಸಿ’ ಎನ್ನಿ. ಆಮೇಲೆ ಮೇಲಿನ ಮಹಡಿಯ ಬಾಡಿಗೆದಾರರ ಬಾಗಿಲು ತಟ್ಟಿ, ವಾರಕ್ಕೆ ಎಷ್ಟು ದಿನ ನೀರು ಬಿಡುತ್ತಾರೆ, ಮೋಟರ್ ಯಾರು ಹಾಕುತ್ತಾರೆ, ಕಳೆದ ಏಪ್ರಿಲ್‌ನಲ್ಲಿ ಟ್ಯಾಂಕರ್ ಎಷ್ಟು ಸಲ ಬಂತು ಎಂದು ವಿಚಾರಿಸಿ. ಬಚ್ಚಲಿನ ನಲ್ಲಿ ಬಿಟ್ಟು ನೋಡಿ. ಬಕೆಟ್ಟಿನ ಅಂಚಿಗೆ, ನಲ್ಲಿಯ ಬುಡಕ್ಕೆ ಬಿಳಿ ಪೊರೆ ಕಟ್ಟಿದ್ದರೆ ಅದು ಬೋರ್‌ವೆಲ್‌ನ ಗಡಸು ನೀರು. ಗೀಸರು, ವಾಷಿಂಗ್ ಮೆಷಿನ್ನು ಬೇಗ ಕೆಡುತ್ತವೆ, ಕುಡಿಯಲು ಕ್ಯಾನ್ ನೀರು ತರಿಸಬೇಕು. ಇದೂ ಹಾಳೆಯ ಮೇಲೆ ಬರಲಿ.

ಆಮೇಲೆ ಕರೆಂಟು. ಮೆಟ್ಟಿಲಿನ ಕೆಳಗೆ ಸಾಲಾಗಿ ಇರುವ ಬೆಸ್ಕಾಂ ಮೀಟರುಗಳ ಬಳಿ ಹೋಗಿ ನಿಮ್ಮ ಮನೆಯದ್ದು ಯಾವುದು ಎಂದು ಕೇಳಿ. ಸ್ವಂತ ಆರ್‌.ಆರ್. ನಂಬರ್ ಇರುವ ಮೀಟರ್ ಇದ್ದರೆ ಬಾಡಿಗೆದಾರರೂ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕಬಹುದು. ಯೋಜನೆಯ ಮಿತಿ ತಿಂಗಳಿಗೆ 200 ಯೂನಿಟ್. ಒಂದೇ ಮೀಟರಿನಿಂದ ಮೂರು ಮನೆಗೆ ಸಬ್ ಮೀಟರ್ ಎಳೆದಿದ್ದರೆ ಆ ಲಾಭ ನಿಮಗೆ ಸಿಗುವುದಿಲ್ಲ, ಮಾಲೀಕರು ಹೇಳಿದ ಯೂನಿಟ್ ದರವೇ ದರ. ಹೊಸ ಕಟ್ಟಡವಾದರೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಇದು ಖಾಯಂ ಸಂಪರ್ಕವೋ, ಕಟ್ಟಡ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕವೋ? ಸ್ವಾಧೀನಾನುಭವ ಪತ್ರ, ಅಂದರೆ ಓಸಿ ಇಲ್ಲದ ಕಟ್ಟಡಗಳಿಗೆ ಸಂಪರ್ಕ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಬೆಂಗಳೂರಿನಲ್ಲಿ ಎಷ್ಟೋ ಹೊಸ ಮನೆಗಳು ತಾತ್ಕಾಲಿಕ ಸಂಪರ್ಕದಲ್ಲೇ ಉಳಿದವು. ಅದರ ದರ ಮನೆಯ ದರಕ್ಕಿಂತ ಹೆಚ್ಚು. ಹೊಸ ಟೈಲ್ಸ್ ನೋಡಿ ಮರುಳಾದವರಿಗೆ ಮೊದಲ ಬಿಲ್ಲಿನಲ್ಲಿ ಇದು ಗೊತ್ತಾಗುತ್ತದೆ.

ಮಳೆಗಾಲದ ಲೆಕ್ಕವನ್ನು ಗೋಡೆಯೇ ಹೇಳುತ್ತದೆ. ಕೆಳಮನೆಯಾದರೆ ಕಾಂಪೌಂಡಿನ ಒಳಮೈಯನ್ನು ಗಮನಿಸಿ. ನೀರು ನಿಂತ ಗೆರೆ, ಬುಡದಲ್ಲಿ ಉದುರಿದ ಸುಣ್ಣ, ಗೇಟಿನ ತುಕ್ಕು ಒಂದೇ ಎತ್ತರಕ್ಕೆ ನಿಂತಿರುವುದು ಕಂಡರೆ ಮುಂದೆ ನಡೆಯಿರಿ. ಆಗಷ್ಟೇ ಪೇಂಟ್ ಮಾಡಿದ್ದರೆ ಎದುರು ಮನೆಯ ಗೋಡೆ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಯಮಲೂರಿನ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೂ ದೋಣಿ ಬಂತು. ಹೊರಮಾವಿನ ಸಾಯಿ ಲೇಔಟ್ 2025ರ ಮೇ ತಿಂಗಳಲ್ಲಿ ಮುಳುಗಿತು. ರಾಜಕಾಲುವೆಯ ಪಕ್ಕದ ರಸ್ತೆಗಳಲ್ಲಿ ಬಾಡಿಗೆ ಕಡಿಮೆ ಇರುವುದಕ್ಕೆ ಕಾರಣ ಇರುತ್ತದೆ. ಮೇಲಿನ ಮಹಡಿಯಾದರೆ ಸಜ್ಜೆಯ ಮೂಲೆಗಳಲ್ಲಿ ತೇವದ ಕಲೆ ಹುಡುಕಿ.

ಅಪಾರ್ಟ್‌ಮೆಂಟ್ ಆದರೆ ಮೇಂಟೆನೆನ್ಸ್ ಬಾಡಿಗೆಯೊಳಗೆ ಸೇರಿದೆಯೇ, ಬೇರೆಯೇ ಎಂಬುದನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಕೆಲವು ಸಂಘಗಳು ಸಾಮಾನು ಒಳಗೆ ತರಲು, ಹೊರಗೆ ಒಯ್ಯಲು ಪ್ರತ್ಯೇಕ ಶುಲ್ಕ ಹಾಕುತ್ತವೆ. ಪಾರ್ಕಿಂಗ್ ಕೂಡ ಕೇಳಿಕೊಳ್ಳಿ.

ಭೋಗ್ಯದ ಆಸೆ

ತಿಂಗಳ ಬಾಡಿಗೆಯ ಕಾಟ ಬೇಡವೆಂದು ಊರಿನ ಜಮೀನು ಮಾರಿದ ಹಣವನ್ನೋ, ನಿವೃತ್ತಿಯ ಗಂಟನ್ನೋ ತಂದು ಮನೆಯನ್ನು ಲೀಸಿಗೆ, ಅಂದರೆ ಭೋಗ್ಯಕ್ಕೆ ಹಾಕಿಕೊಳ್ಳುವ ಸಂಸಾರಗಳು ಬೆಂಗಳೂರಿನಲ್ಲಿ ಬಹಳ. ಎರಡು ಮೂರು ವರ್ಷಕ್ಕೆ ಒಂದು ಮೊತ್ತ ಕೊಡುವುದು, ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ಕೇಳಲು ಇದಕ್ಕಿಂತ ಒಳ್ಳೆಯದಿಲ್ಲ.

ಇದನ್ನು ಮಾಲೀಕರ ಕಡೆಯಿಂದ ಲೆಕ್ಕ ಹಾಕಿ. 18,000 ಬಾಡಿಗೆ ಬರುವ ಮನೆಗೆ 12 ಲಕ್ಷ ಲೀಸು ಎಂದುಕೊಳ್ಳೋಣ. ನಿಮ್ಮ 12 ಲಕ್ಷ ಬ್ಯಾಂಕಿನಲ್ಲಿ ಶೇ 7ರಂತೆ ಇದ್ದಿದ್ದರೆ ತಿಂಗಳಿಗೆ 7,000 ಬರುತ್ತಿತ್ತು. ಅಂದರೆ ನಿಮಗೆ ಮನೆ 7,000ಕ್ಕೆ ಸಿಕ್ಕಿದ ಹಾಗೆ. ಮಾಲೀಕರು ಬಿಟ್ಟುಕೊಡುತ್ತಿರುವುದು ವರ್ಷಕ್ಕೆ 2,16,000 ಬಾಡಿಗೆ. 12 ಲಕ್ಷಕ್ಕೆ ಅದು ಶೇ 18ರ ಬಡ್ಡಿ. ಮನೆಯನ್ನೇ ಅಡವಿಟ್ಟರೆ ಬ್ಯಾಂಕು ಇದಕ್ಕಿಂತ ಎಷ್ಟೋ ಕಡಿಮೆ ಬಡ್ಡಿಗೆ ಸಾಲ ಕೊಡುವಾಗ ಅವರು ನಿಮ್ಮಿಂದ ಶೇ 18ಕ್ಕೆ ಯಾಕೆ ತೆಗೆದುಕೊಳ್ಳುತ್ತಿದ್ದಾರೆ? ಮಗಳ ಮದುವೆ, ಮೇಲಿನ ಮಹಡಿ ಕಟ್ಟುವುದು ಇಂಥ ಸಾಚಾ ಕಾರಣಗಳೂ ಇರಬಹುದು. ಆದರೆ ಮನೆ ಈಗಾಗಲೇ ಬ್ಯಾಂಕಿನಲ್ಲಿ ಅಡವಿದ್ದು ಇನ್ನು ಯಾರೂ ಸಾಲ ಕೊಡದ ಸ್ಥಿತಿಯೂ ಇರಬಹುದು. ಕಂತು ನಿಂತರೆ ಬ್ಯಾಂಕು ಸರ್ಫೇಸಿ ಕಾಯ್ದೆಯಡಿ ಮನೆ ವಶಕ್ಕೆ ತೆಗೆದುಕೊಳ್ಳುತ್ತದೆ. ನೋಂದಣಿಯಾಗದ ಲೀಸು ಕರಾರು ಕೈಯಲ್ಲಿ ಹಿಡಿದ ನಿಮ್ಮ ಮಾತಿಗೆ ಆಗ ಬೆಲೆ ಕಡಿಮೆ.

ಆದ್ದರಿಂದ ಲೀಸಿಗೆ ಹೋಗುವವರು ಮಾಲೀಕರ ಹೆಸರಿನ ಇ-ಖಾತೆ ನೋಡಲಿ, ಕಾವೇರಿ 2.0 ತಾಣದಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ತೆಗೆಸಲಿ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ತೆಗೆದ ಸಾಲ ಇಸಿಯಲ್ಲಿ ಕಾಣದೆಯೂ ಇರಬಹುದು. ಸೆರ್ಸಾಯ್ ಎಂಬ ಕೇಂದ್ರ ನೋಂದಣಿ ತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಅದನ್ನೂ ಹುಡುಕಬಹುದು. ಮೂಲ ಕ್ರಯಪತ್ರವನ್ನು ಕಣ್ಣಾರೆ ನೋಡಲು ಕೇಳಿ, ‘ಬ್ಯಾಂಕ್ ಲಾಕರ್‌ನಲ್ಲಿದೆ’ ಎಂದು ವಾರಗಟ್ಟಲೆ ತಳ್ಳಿದರೆ ಅರ್ಥ ಮಾಡಿಕೊಳ್ಳಿ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಲೀಸನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಖರ್ಚಾಗುತ್ತದೆಂದು ಇಬ್ಬರೂ ತಪ್ಪಿಸಿಕೊಳ್ಳುವುದು ರೂಢಿ. 12 ಲಕ್ಷಕ್ಕೆ ಎದುರಾಗಿ ಆ ಖರ್ಚು ಏನೂ ಅಲ್ಲ.

ಮಧ್ಯೆ ಕಂಪನಿಯೊಂದು ನಿಂತಿದ್ದರೆ ದೂರ ಇರಿ. ನಿಮ್ಮಿಂದ ಲೀಸಿನ ಇಡಿಗಂಟು ತೆಗೆದುಕೊಂಡು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟುತ್ತಾ, ಒಂದು ದಿನ ಕಚೇರಿಗೆ ಬೀಗ ಹಾಕಿಕೊಂಡು ಹೋದವರ ಪ್ರಕರಣಗಳು ಈ ನಗರದಲ್ಲಿ ಪದೇಪದೇ ಆಗಿವೆ. ಮಾಲೀಕರು ‘ನನಗೆ ಬಾಡಿಗೆ ಬಂದಿಲ್ಲ, ಮನೆ ಬಿಡಿ’ ಎನ್ನುತ್ತಾರೆ, ಅವರದೂ ತಪ್ಪಲ್ಲ. ಲೀಸಿನ ಹಣ ಮಾಲೀಕರ ಬ್ಯಾಂಕ್ ಖಾತೆಗೇ ಹೋಗಬೇಕು, ಬೇರೆ ಯಾರ ಖಾತೆಗೂ ಅಲ್ಲ. ಮನೆಯಲ್ಲಿರುವ ಹಣವೆಲ್ಲ ಅದೊಂದೇ ಎಂದಾದರೆ ಲೀಸಿನ ಗೋಜಿಗೇ ಹೋಗಬೇಡಿ ಎಂಬುದು ನನ್ನ ಅಭಿಪ್ರಾಯ.

ಅಗ್ರಿಮೆಂಟು

ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೇ ಚಾಳಿ. ಈಗ ಐದಾರು ತಿಂಗಳಿಗೆ ಒಪ್ಪುವವರು ಹೆಚ್ಚಾಗಿದ್ದಾರೆ, ಕೇಳಿದರೆ ಇನ್ನೂ ಇಳಿಯುತ್ತಾರೆ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹಾಕಿದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಕಾನೂನು ಮಾಡಿದರಷ್ಟೇ ಮಾಲೀಕರನ್ನು ಕಟ್ಟಿಹಾಕುತ್ತದೆ. ರಾಜ್ಯದ್ದೇ 1999ರ ಬಾಡಿಗೆ ಕಾಯ್ದೆ ಇದೆಯಲ್ಲ ಎನ್ನಬಹುದು. ಅದು ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿವರೆಗಿನ ಬಾಡಿಗೆಗೆ ಮಾತ್ರ ಅನ್ವಯ. ಇಂದು ಆ ಹಣಕ್ಕೆ ಸಂಸಾರಕ್ಕೊಂದು ಮನೆ ಎಲ್ಲಿದೆ? ಹಾಗಾಗಿ ನಿಮಗೂ ಮಾಲೀಕರಿಗೂ ನಡುವೆ ಇರುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನೀವು ಸಹಿ ಹಾಕುವ ಆ ನಾಲ್ಕೈದು ಪುಟ. ಓದದೆ ಸಹಿ ಹಾಕಬೇಡಿ.

ಹನ್ನೊಂದು ತಿಂಗಳ ಕರಾರು ಸಾಮಾನ್ಯ, ನೋಂದಣಿ ತಪ್ಪಿಸಲೆಂದೇ ಹುಟ್ಟಿದ ಪದ್ಧತಿ ಅದು. ಅದರಲ್ಲಿ ಚೌಕಾಸಿ ಮಾಡಬೇಕಾದ ಜಾಗಗಳಿವೆ. ನವೀಕರಣದ ಏರಿಕೆ ಶೇ 5 ಎಂದು ಅಂಕಿಯಲ್ಲೇ ಬರೆಸಿ. ‘ಆಗಿನ ಮಾರುಕಟ್ಟೆ ದರದಂತೆ’ ಎಂಬ ಸಾಲು ಇದ್ದರೆ ಹೊಡೆದುಹಾಕಿಸಿ. ಮಗುವಿನ ಶಾಲೆಯ ವರ್ಷ ಮುಗಿಯುವವರೆಗೆ ಬಿಡಿಸುವಂತಿಲ್ಲ ಎಂದು ಒಂದು ಸಾಲು ಸೇರಿಸಲು ಕೇಳಿ, ಎಷ್ಟೋ ಮಾಲೀಕರು ಒಪ್ಪುತ್ತಾರೆ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ ಎಂಬುದು ಕಾನೂನಲ್ಲ, ರೂಢಿ. ಮೂರು ವರ್ಷ ಇದ್ದವರಿಗೂ ಹನ್ನೊಂದು ತಿಂಗಳು ಇದ್ದವರಿಗೂ ಒಂದೇ ಕಡಿತ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ. ಅಥವಾ ನಾವೇ ಪೇಂಟ್ ಮಾಡಿಸಿಕೊಡುತ್ತೇವೆ ಎಂದು ಬರೆಸಿ. ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್ ಎಂಬುದೂ ಅಲ್ಲಿರಲಿ, ಬೀಗದ ಕೈ ಕೊಡುವ ದಿನವೇ ಎಂದಿದ್ದರೆ ಉತ್ತಮ. ವರ್ಷದ ಬಾಡಿಗೆ ಒಂದು ಲಕ್ಷ ಮೀರಿದ್ದು, ಆಫೀಸಿನಲ್ಲಿ ಎಚ್‌ಆರ್‌ಎ ವಿನಾಯಿತಿ ತೋರಿಸುವವರಾದರೆ ಮಾಲೀಕರ ಪ್ಯಾನ್ ನಂಬರ್ ಬೇಕಾಗುತ್ತದೆ, ಅದನ್ನು ಈಗಲೇ ಕೇಳಿ. ಹಣ ಕೊಡುವುದೆಲ್ಲ ಖಾತೆಯಿಂದ ಖಾತೆಗೆ.

ಬೀಗದ ಕೈ ತೆಗೆದುಕೊಂಡ ದಿನವೇ ಖಾಲಿ ಮನೆಯ ವಿಡಿಯೊ ಮಾಡಿ ಮಾಲೀಕರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ. ಒಡೆದ ಸಿಂಕು, ಸಡಿಲ ಚಿಲಕ, ಮೀಟರಿನ ರೀಡಿಂಗ್ ಎಲ್ಲ ಅದರಲ್ಲಿರಲಿ. ಹಳೆಯ ಮನೆಯ ಗೃಹಜ್ಯೋತಿಯನ್ನು ಡಿಲಿಂಕ್ ಮಾಡಿಸದೆ ಹೊಸ ಮನೆಗೆ ಅರ್ಜಿ ಹೋಗುವುದಿಲ್ಲ, ಅದಕ್ಕೂ ಅರ್ಧ ಗಂಟೆ ಎತ್ತಿಡಿ.

ಬಿಡುವಾಗ ಅಡ್ವಾನ್ಸ್ ಸಿಗದು ಎಂಬ ಭಯದಿಂದ ಎಷ್ಟೋ ಜನ ಕೊನೆಯ ತಿಂಗಳುಗಳ ಬಾಡಿಗೆಯನ್ನು ‘ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ’ ಎನ್ನುತ್ತಾರೆ. ಮಾಲೀಕರು ವಾಟ್ಸ್ಆ್ಯಪ್‌ನಲ್ಲಾದರೂ ಲಿಖಿತವಾಗಿ ಒಪ್ಪಿದರೆ ಮಾತ್ರ ಹಾಗೆ ಮಾಡಿ. ಇಲ್ಲವಾದರೆ ನೀವೇ ಬಾಕಿದಾರರಾಗುತ್ತೀರಿ. ಕರಾರಿನಂತೆ ನೋಟಿಸ್ ಕೊಟ್ಟು, ಬಾಡಿಗೆ ಪೂರ್ತಿ ಕಟ್ಟಿ, ಆದರೂ ಹಣ ಬಾರದಿದ್ದರೆ ವಕೀಲರಿಂದ ಒಂದು ನೋಟಿಸ್ ಕಳಿಸಿ, ಬಹಳ ಸಲ ಅಷ್ಟಕ್ಕೇ ಕೆಲಸ ಆಗುತ್ತದೆ. ವಕೀಲರ ಫೀಸು ಕೊಡುವುದು ಕಷ್ಟವಾದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.